ನೆತ್ತಿಯ ಮೇಲಿನ ಸ್ಪಾಟ್‌ಲೈಟಿನಲ್ಲಿ ನಟಿಯ ಮುಖ ಕಾಣುತ್ತಿಲ್ಲ: ಏನು ಮಾಡಬಹುದು?

ಪ್ರಶ್ನೆ: ಹಾಸನ ಜಿಲ್ಲೆಯ ಹವ್ಯಾಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ತಾಲ್ಲೂಕು ಕೇಂದ್ರವೊಂದರ ಹವ್ಯಾಸಿ ನಾಟಕ ತಂಡ. ಶಾಲಾ ಶಿಕ್ಷಕರು, ಬ್ಯಾಂಕಿನವರು, ಅಂಗಡಿ ಇಟ್ಟುಕೊಂಡವರು ಸೇರಿ ವರ್ಷಕ್ಕೆ ಒಂದು ನಾಟಕ ಆಡುತ್ತೇವೆ. ಇಷ್ಟು ವರ್ಷ ಬೆಳಕನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ಊರು ಬಿಟ್ಟು ಹೋದ ಕಾರಣ ಈ ಬಾರಿ ಆ ಹೊಣೆ ನನ್ನ ಹೆಗಲಿಗೆ ಬಿದ್ದಿದೆ.

ನಾಟಕದ ನಡುವೆ ಒಂದು ದೃಶ್ಯವಿದೆ. ವಯಸ್ಸಾದ ತಾಯಿ ತಲೆಯ ಮೇಲೆ ಸೆರಗು ಹೊದ್ದು ಒಬ್ಬಳೇ ಸ್ಟೂಲಿನ ಮೇಲೆ ಕುಳಿತು ಮಗನ ಇನ್‌ಲ್ಯಾಂಡ್ ಪತ್ರವನ್ನು ಓದಿಕೊಳ್ಳುತ್ತಾಳೆ. ಓದು ಮುಗಿದ ಮೇಲೆ ಎದ್ದು ಬಲಕ್ಕೆ ಮೂರು ಹೆಜ್ಜೆ ನಡೆದು ನಿಲ್ಲುತ್ತಾಳೆ. ಸುತ್ತಲೂ ಕತ್ತಲು, ನೆತ್ತಿಯ ಮೇಲಿನಿಂದ ಒಂದೇ ಬೆಳಕು ಇರಬೇಕೆಂಬುದು ನಿರ್ದೇಶಕರ ಬೇಡಿಕೆ. ಹಾಗೆಯೇ ಮಾಡಿದೆವು. ಮೊದಲ ಪ್ರದರ್ಶನ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿದ್ದವರು, ‘ಮಾತು ಕೇಳಿಸಿತು, ಆದರೆ ಆಕೆ ಅತ್ತಳೋ ನಕ್ಕಳೋ ತಿಳಿಯಲಿಲ್ಲ’ ಎಂದರು. ಫೋಟೋ ನೋಡಿದರೆ ಮಾತು ನಿಜ: ಮೂಗಿನ ತುದಿ, ಭುಜ, ಕೈಬೆರಳು ಹೊಳೆಯುತ್ತಿವೆ, ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿಗಳಿವೆ.

ರಂಗದ ಅಳತೆ ಹೀಗಿದೆ. ಮುಂಪರದೆಯ ಬಳಿ 30 ಅಡಿ ಅಗಲ, 22 ಅಡಿ ಆಳ. ದೀಪ ತೂಗುಹಾಕುವ ಮೂರು ಬಾರುಗಳು ಮುಂಪರದೆಯಿಂದ 4, 12 ಮತ್ತು 19 ಅಡಿ ಹಿಂದೆ ಇವೆ. ಎತ್ತರ ಸುಮಾರು 16 ಅಡಿ. ಪ್ರೇಕ್ಷಕರ ಕಡೆಯ ಛಾವಣಿಯಲ್ಲಿ ದೀಪ ಕಟ್ಟಲು ಏನೂ ಇಲ್ಲ. ತಾಯಿ ಕುಳಿತುಕೊಳ್ಳುವುದು ಎರಡನೆಯ ಬಾರಿನ ನೇರ ಕೆಳಗೆ. ನಮ್ಮ ಬಳಿ ಎಂಟು ಪಾರ್ 64 (ಡಬ್ಬಿಯಾಕಾರದ ದೀಪ), ನಾಲ್ಕು ಫ್ರೆಸ್ನೆಲ್ (ಮೆತ್ತನೆಯ ಅಂಚಿನ ಬೆಳಕು ಕೊಡುವ ದೀಪ), ಬಾಡಿಗೆಗೆ ತಂದ, ಬೆಳಕು 26 ಡಿಗ್ರಿಯಷ್ಟು ಹರಡುವ ಎರಡು ಪ್ರೊಫೈಲ್ ಸ್ಪಾಟ್ (ಚೂಪಾದ ಅಂಚಿನ ಬೆಳಕಿನ ದೀಪ) ಮತ್ತು ಬೆಳಕನ್ನು ಏರಿಸಿ ಇಳಿಸುವ ಹನ್ನೆರಡು ಚಾನೆಲ್ಲಿನ ಡಿಮ್ಮರ್ ಇವೆ. ಎದುರಿನಿಂದ ಸ್ವಲ್ಪ ಬೆಳಕು ಕೊಡೋಣವೆಂದರೆ, ಅದು ಹಿಂಪರದೆಗೆ ಬಿದ್ದು ಒಂಟಿತನವೆಲ್ಲ ಹಾಳಾಗುತ್ತದೆ ಎಂದು ನಿರ್ದೇಶಕರು ಒಪ್ಪುತ್ತಿಲ್ಲ. ಎರಡನೆಯ ಪ್ರದರ್ಶನಕ್ಕೆ ಹತ್ತು ದಿನ ಉಳಿದಿದೆ. ಮೇಲಿನ ಬೆಳಕಿನ ಸೊಗಸನ್ನು ಕೆಡಿಸದೆ ಮುಖವನ್ನು ಕಾಣಿಸುವುದು ಹೇಗೆ?

ಉತ್ತರ 1: ಬೆಳಕಿನ ಕೆಲಸದವನು, ಧಾರವಾಡ

ಅಳತೆಗಳನ್ನು ಇಷ್ಟು ಸರಿಯಾಗಿ ಕೊಟ್ಟಿದ್ದಕ್ಕೆ ಮೊದಲು ಧನ್ಯವಾದ. ಹೆಚ್ಚಿನವರು ‘ದೊಡ್ಡ ಹಾಲ್’ ಎಂದಷ್ಟೇ ಬರೆದು ಉತ್ತರ ಕೇಳುತ್ತಾರೆ.

ನೆತ್ತಿಯ ನೇರಕ್ಕೆ ಬೀಳುವ ಬೆಳಕು ಜಾಗವನ್ನು ತೋರಿಸುತ್ತದೆ, ಮುಖವನ್ನು ತೋರಿಸುವುದಿಲ್ಲ. ಇದು ದೀಪದ ದೋಷವಲ್ಲ. ಹುಬ್ಬಿನ ಮೂಳೆ ಕಣ್ಣಿಗೆ ಸೂರು, ಮೂಗು ತುಟಿಗೆ ಸೂರು, ಗದ್ದ ಕುತ್ತಿಗೆಗೆ ಸೂರು. ಸೂರಿನ ಮೇಲೆ ಎಷ್ಟು ಬೆಳಕು ಸುರಿದರೂ ಜಗಲಿಗೆ ಬರುವುದಿಲ್ಲ. ಆದ್ದರಿಂದ ಡಿಮ್ಮರನ್ನು ಏರಿಸುವುದರಿಂದ ನಿಮ್ಮ ತೊಂದರೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ: ಮೂಗು, ಭುಜ ಇನ್ನಷ್ಟು ಹೊಳೆಯುತ್ತವೆ, ಆ ಹೊಳಪಿಗೆ ಹೊಂದಿಕೊಂಡ ಪ್ರೇಕ್ಷಕರ ಕಣ್ಣಿಗೆ ಗುಳಿಗಳು ಇನ್ನಷ್ಟು ಕಪ್ಪಾಗಿ ಕಾಣುತ್ತವೆ.

ಹಾಗಾಗಿ ಈ ಕೆಲಸವನ್ನು ಎರಡು ದೀಪಗಳಿಗೆ ಹಂಚಿಬಿಡಿ. ನೇರ ಮೇಲಿನಿಂದ ಬೀಳುವುದು ಒಂಟಿತನಕ್ಕೆ, ಇನ್ನೊಂದು ಮುಖಕ್ಕೆ. ಎರಡನೆಯದಕ್ಕೆ ಪ್ರೇಕ್ಷಕರ ಕಡೆಯ ಛಾವಣಿ ಬೇಕಾಗಿಲ್ಲ. ನಿಮ್ಮ ಮೊದಲನೆಯ ಬಾರು ಸಾಕು. ತಾಯಿ ಅದರಿಂದ 8 ಅಡಿ ಹಿಂದೆ ಕುಳಿತಿದ್ದಾರೆ, ಕುಳಿತವರ ಮುಖ ನೆಲದಿಂದ ಸುಮಾರು 4 ಅಡಿ ಮೇಲಿರುತ್ತದೆ. ಅಂದರೆ ದೀಪ ಮುಖಕ್ಕಿಂತ 12 ಅಡಿ ಮೇಲೆ, 8 ಅಡಿ ಮುಂದೆ ಇರುತ್ತದೆ. ಬೆಳಕು ನೆಲದ ಮಟ್ಟಕ್ಕೆ ಸುಮಾರು 56 ಡಿಗ್ರಿ ಕೋನದಲ್ಲಿ ಇಳಿಯುತ್ತದೆ. ಮುಖ ಕಾಣಲೆಂದು ಸಾಮಾನ್ಯವಾಗಿ ಇಟ್ಟುಕೊಳ್ಳುವ 45 ಡಿಗ್ರಿಗಿಂತ ಇದು ಕಡಿದಾದ ಕೋನ, ಆದರೆ ಹುಬ್ಬಿನ ಕೆಳಗೆ ನುಗ್ಗಲು ಸಾಕಾಗುತ್ತದೆ. ಕಡಿದಾಗಿರುವುದೇ ನಿಮಗೆ ಲಾಭ. 26 ಡಿಗ್ರಿಯ ಪ್ರೊಫೈಲನ್ನು ಅಲ್ಲಿ ಕಟ್ಟಿ ಮುಖಕ್ಕೆ ಗುರಿಯಿಟ್ಟರೆ, ಬೆಳಕಿನ ಹಿಂದಿನ ಅಂಚು ಬಾರಿನಿಂದ ಸುಮಾರು 17 ಅಡಿ ದೂರದಲ್ಲಿ, ಅಂದರೆ ಮುಂಪರದೆಯಿಂದ 21 ಅಡಿಯಲ್ಲಿ ನೆಲ ಮುಟ್ಟುತ್ತದೆ. ಹಿಂಪರದೆ ಇರುವುದು 22 ಅಡಿಯಲ್ಲಿ. ಪ್ರೊಫೈಲಿನ ಶಟರನ್ನು (ಬೆಳಕಿನ ಅಂಚನ್ನು ಕತ್ತರಿಸುವ ಲೋಹದ ತಗಡನ್ನು) ಸ್ವಲ್ಪ ಒಳಗೆ ತಳ್ಳಿದರೆ ಅದನ್ನೂ ಇನ್ನೆರಡು ಮೂರು ಅಡಿ ಈಚೆಗೆ ತರಬಹುದು. ನಿರ್ದೇಶಕರ ಭಯಕ್ಕೆ ಆಧಾರವಿಲ್ಲವೆಂದು ಮಾತಿನಲ್ಲಿ ಹೇಳಬೇಡಿ, ದೀಪ ಹಚ್ಚಿ ತೋರಿಸಿ.

ಗುರಿಯಿಡುವಾಗ ಹೊಸಬರು ಎಡವುವುದು ಒಂದೇ ಕಡೆ. ನೆಲದ ಮೇಲಿನ ವೃತ್ತವನ್ನು ನೋಡಿಕೊಂಡು, ಅದರ ನಟ್ಟನಡುವೆ ಸ್ಟೂಲ್ ಇಡುತ್ತಾರೆ. ಓರೆಯಾಗಿ ಬರುವ ಬೆಳಕಿನ ನಡುಭಾಗ ಮುಖವನ್ನು ಹಾದು ಹೋಗಿ ಅವರ ಬೆನ್ನ ಹಿಂದೆ ನೆಲಕ್ಕೆ ತಾಗಬೇಕು. ನಿಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಅಡಿ ಹಿಂದೆ. ನೇರ ಮೇಲಿನ ದೀಪದಲ್ಲಿಯೂ ಇದೇ ಮೋಸವಿದೆ. 16 ಅಡಿ ಎತ್ತರದ 26 ಡಿಗ್ರಿಯ ದೀಪ ನೆಲದ ಮೇಲೆ 7.4 ಅಡಿ ಅಗಲದ ವೃತ್ತ ಮಾಡುತ್ತದೆ, ಆದರೆ ನಿಂತವರ ಮುಖದ ಎತ್ತರದಲ್ಲಿ ಅದೇ ಬೆಳಕಿನ ಅಗಲ 5.1 ಅಡಿ ಮಾತ್ರ. ನಟರು ವೃತ್ತದ ಅಂಚಿನಿಂದ ಒಂದಡಿ ಒಳಗೇ ನಿಂತಿದ್ದರೂ ಕಾಲಿಗೆ ಬೆಳಕು, ತಲೆಗೆ ಕತ್ತಲು. ‘ನಾನು ಬೆಳಕಿನಲ್ಲೇ ಇದ್ದೆನಲ್ಲ’ ಎಂದು ಆಮೇಲೆ ಜಗಳವಾಗುತ್ತದೆ, ಮತ್ತು ಅವರು ಹೇಳುವುದು ಸುಳ್ಳೂ ಅಲ್ಲ.

ಪ್ರಮಾಣವನ್ನು ಹೀಗೆ ಹಿಡಿಯಿರಿ. ಮೊದಲು ಮುಖದ ದೀಪವೊಂದನ್ನೇ ಹಚ್ಚಿ, ಕೊನೆಯ ಸಾಲಿನಲ್ಲಿ ಕುಳಿತವರಿಗೆ ಕಣ್ಣಷ್ಟೇ ತಿಳಿಯುವಲ್ಲಿಗೆ ನಿಲ್ಲಿಸಿ. ಅದಾದ ಮೇಲೆ ಮೇಲಿನ ದೀಪವನ್ನು ಏರಿಸುತ್ತಾ ಬನ್ನಿ. ಮುಖದ ದೀಪ ಎಲ್ಲಿಂದ ಬರುತ್ತಿದೆಯೆಂದು ಮರೆತುಹೋಗುವ ಒಂದು ಹಂತ ಸಿಗುತ್ತದೆ, ಅಲ್ಲಿ ಕೈ ತೆಗೆಯಿರಿ. ಹ್ಯಾಲೊಜನ್ ದೀಪವನ್ನು ಅಷ್ಟು ಕೆಳಗೆ ಇಳಿಸಿದಾಗ ಅದು ತಾನಾಗಿಯೇ ಕೆಂಪು ಮಿಶ್ರಿತ ಹಳದಿಗೆ ತಿರುಗುವುದರಿಂದ ಮುಖಕ್ಕೆ ಜೆಲ್ (ದೀಪದ ಮುಂದೆ ಇಡುವ ಬಣ್ಣದ ಹಾಳೆ) ಬೇಡ. ಬೇಕೆಂದರೆ ಮೇಲಿನ ದೀಪಕ್ಕೆ ಲೀ ಕಂಪನಿಯ 202ನೆಯ ನಂಬರಿನಂಥ ತೆಳು ನೀಲಿ ಜೆಲ್ ಹಾಕಿ. ಎರಡೂ ಬಣ್ಣ ಬೇರೆಯಾದಾಗ ಮುಖ ಇನ್ನೂ ಸ್ವಲ್ಪ ಬೇರ್ಪಟ್ಟು ನಿಲ್ಲುತ್ತದೆ.

ಮೂರು ಹೆಜ್ಜೆಗಳ ವಿಷಯಕ್ಕೆ ಪಾರ್ ಒಳ್ಳೆಯದು. ಪಾರ್ 64ರ ಬೆಳಕು ದುಂಡಗಿರುವುದಿಲ್ಲ, ಮೊಟ್ಟೆಯಾಕಾರದಲ್ಲಿರುತ್ತದೆ. ಡಬ್ಬಿಯ ಹಿಂಬದಿಯಿಂದ ಬಲ್ಬನ್ನು ತಿರುಗಿಸಿದರೆ ಮೊಟ್ಟೆಯೂ ತಿರುಗುತ್ತದೆ. ಮಧ್ಯಮ ಅಗಲದ ಸಿಪಿ 62 ಬಲ್ಬ್ ಇರುವ ಪಾರನ್ನು ಎರಡನೆಯ ಬಾರಿನಲ್ಲಿ ಸ್ಟೂಲಿಗೂ ಆಕೆ ನಿಲ್ಲುವ ಜಾಗಕ್ಕೂ ನಡುವೆ ಕಟ್ಟಿ, ಮೊಟ್ಟೆಯ ಉದ್ದವನ್ನು ಆಕೆ ನಡೆಯುವ ದಾರಿಗೆ ಹೊಂದಿಸಿ. ಎದ್ದ ಕ್ಷಣದಲ್ಲಿ ನಿಧಾನವಾಗಿ ಅದಕ್ಕೆ ದಾಟಿಕೊಂಡರೆ ಒಂದೇ ದೀಪದಲ್ಲಿ ಮೂರು ಹೆಜ್ಜೆ ಮುಗಿಯುತ್ತದೆ.

ಉತ್ತರ 2: ಮೂವತ್ತು ವರ್ಷ ಬಣ್ಣ ಹಚ್ಚಿದವಳು, ಮೈಸೂರು

ನಾನು ಬೆಳಕಿನವಳಲ್ಲ, ಬೆಳಕಿನ ಕೆಳಗೆ ನಿಂತವಳು. ಆದ್ದರಿಂದ ಆ ತಾಯಿಯ ಕಡೆಯಿಂದ ಒಂದೆರಡು ಮಾತು ಹೇಳುತ್ತೇನೆ.

ನಿಮ್ಮ ನಟಿಯ ಕೈಯಲ್ಲಿ ಒಂದು ದೀಪ ಆಗಲೇ ಇದೆ. ಅದು ಆ ಪತ್ರ. ಬೆಳಕು ನೇರ ಮೇಲಿನಿಂದ ಬೀಳುವಾಗ ಕೈಯಲ್ಲಿ ಬಿಳಿ ಹಾಳೆಯಿದ್ದು, ಅದನ್ನು ಎದೆಯ ಮಟ್ಟದಲ್ಲಿ ಸ್ವಲ್ಪ ತನ್ನ ಕಡೆಗೆ ಓರೆ ಮಾಡಿ ಹಿಡಿದರೆ, ಹಾಳೆಯಿಂದ ತಿರುಗಿದ ಬೆಳಕು ಗದ್ದದ ಕೆಳಗಿನಿಂದ ಏರಿ ಕಣ್ಣಿನ ಗುಳಿಗಳನ್ನು ತುಂಬುತ್ತದೆ. ನಾನು ಇದನ್ನು ಕಲಿತದ್ದು ಆಕಸ್ಮಿಕವಾಗಿ: ತಾಲೀಮಿನ ದಿನ ಮಾತು ಮರೆತು ಕೈಯಲ್ಲಿ ಸ್ಕ್ರಿಪ್ಟ್ ಹಿಡಿದಿದ್ದೆ, ಸಭಾಂಗಣದ ಕತ್ತಲಿನಿಂದ ಯಾರೋ ‘ಅಮ್ಮಾ, ಆ ಹಾಳೆ ಕೆಳಗಿಡಬೇಡಿ, ಮುಖ ಬಂತು’ ಎಂದು ಕೂಗಿದರು. ಆದರೆ ಇನ್‌ಲ್ಯಾಂಡ್ ಪತ್ರ ನೀಲಿ ಬಣ್ಣದ್ದು. ಅದು ಅರ್ಧ ಬೆಳಕನ್ನು ತಾನೇ ನುಂಗಿ ಉಳಿದರ್ಧವನ್ನು ಮುಖಕ್ಕೆ ನೀಲಿಯಾಗಿ ಕೊಡುತ್ತದೆ. ಅದನ್ನು ಬಿಳಿಯ ಕಾಗದಕ್ಕೆ ಬದಲಾಯಿಸಲು ಸಾಧ್ಯವೇ ನೋಡಿ. ಸೀರೆಯ ಮಡಿಲು ತಿಳಿಬಣ್ಣದ್ದಾದರೆ ಅದೂ ನೆರವಿಗೆ ಬರುತ್ತದೆ. ಕಪ್ಪು ಬಳಿದ ನೆಲದ ಮೇಲೆ ಕಡುಬಣ್ಣದ ಸೀರೆಯುಟ್ಟು ಕುಳಿತರೆ ಕೆಳಗಿನಿಂದ ಒಂದು ಹನಿ ಬೆಳಕೂ ತಿರುಗಿ ಬರುವುದಿಲ್ಲ.

ಇನ್ನೊಂದು ವಿಷಯ. ಹಳೆಯ ಸಾವಿರ ವಾಟಿನ ದೀಪಗಳ ಕೆಳಗೆ ನಾವು ಹಣೆಯ ಮೇಲಿನ ಬಿಸಿಯಿಂದಲೇ ಬೆಳಕಿನ ನಡುವನ್ನು ಹುಡುಕಿಕೊಳ್ಳುತ್ತಿದ್ದೆವು. ಕಣ್ಣು ಮುಚ್ಚಿದರೂ ಎಲ್ಲಿ ನಿಲ್ಲಬೇಕೆಂದು ಗೊತ್ತಾಗುತ್ತಿತ್ತು. ಎಲ್‌ಇಡಿ ಬಂದ ಮೇಲೆ ಆ ಬಿಸಿ ಇಲ್ಲ, ಹೊಸ ಹುಡುಗಿಯರು ಬೆಳಕಿನ ಅಂಚಿನಲ್ಲಿ ನಿಂತು ಮಾತಾಡುವುದು ನೋಡಿದರೆ ಅಯ್ಯೋ ಎನ್ನಿಸುತ್ತದೆ. ನಿಮ್ಮದು ಹ್ಯಾಲೊಜನ್ ಆದ್ದರಿಂದ ನಟಿಯನ್ನು ಹದಿನೈದು ನಿಮಿಷ ಬೆಳಕಿನ ಕೆಳಗೆ ಕೂರಿಸಿ, ಗದ್ದವನ್ನು ಎರಡು ಬೆರಳಿನಷ್ಟು ಮೇಲೆತ್ತಿದರೆ ಏನಾಗುತ್ತದೆಂದು ಅವರಿಗೇ ಫೋಟೋ ತೆಗೆದು ತೋರಿಸಿ. ನಿಲ್ಲುವ ಜಾಗಕ್ಕೆ ನೆಲದಲ್ಲಿ ಟೇಪಿನ ಗುರುತು ಹಾಕುವಾಗ, ವೃತ್ತಕ್ಕಲ್ಲ, ಆಕೆಯ ಹಿಮ್ಮಡಿಗೆ ಹಾಕಿ.

ಉತ್ತರ 3: ಕುಂದಾಪುರದಿಂದ

ಮೇಲಿನ ಇಬ್ಬರೂ ಗಮನಿಸದೆ ಬಿಟ್ಟ ಒಂದು ಸಾಲು ಪ್ರಶ್ನೆಯಲ್ಲೇ ಇದೆ: ತಲೆಯ ಮೇಲೆ ಸೆರಗು. ಹುಬ್ಬು ಸೂರಾದರೆ ಸೆರಗು ಚಪ್ಪರ. ಅದರ ಅಂಚು ಹಣೆಯಿಂದ ಎರಡು ಇಂಚು ಮುಂದೆ ಬಂದಿದ್ದರೆ 56 ಡಿಗ್ರಿಯ ದೀಪವೂ ಕಣ್ಣನ್ನು ತಲುಪುವುದಿಲ್ಲ.

ನಮ್ಮ ಕಡೆ ಇದು ಪ್ರತಿದಿನದ ಅನುಭವ. ಯಕ್ಷಗಾನದ ಮುಂಡಾಸು, ಕೇದಗೆ ಮುಂದಲೆ, ಕಿರೀಟಗಳೂ ಮುಖವರ್ಣಿಕೆಯೂ ರೂಪುಗೊಂಡದ್ದು ದೊಂದಿಯ ಬೆಳಕಿನಲ್ಲಿ. ದೊಂದಿ ಉರಿಯುತ್ತಿದ್ದುದು ರಂಗದ ಅಂಚಿನಲ್ಲಿ, ವೇಷಧಾರಿಯ ಮುಖದ ಮಟ್ಟಕ್ಕೆ ಹತ್ತಿರವಾಗಿ; ಆದ್ದರಿಂದ ಕಿರೀಟ ಎಷ್ಟೇ ದೊಡ್ಡದಾದರೂ ಅದರ ನೆರಳು ಹಿಂದಕ್ಕೆ ಬೀಳುತ್ತಿತ್ತು, ಮುಖಕ್ಕಲ್ಲ. ಈಗ ಅದೇ ವೇಷವನ್ನು ಪಟ್ಟಣದ ಸಭಾಭವನದಲ್ಲಿ ಮೇಲಿನ ದೀಪಗಳ ಕೆಳಗೆ ನಿಲ್ಲಿಸುತ್ತಾರೆ, ಗಂಟೆಗಟ್ಟಲೆ ಕುಳಿತು ಬರೆದುಕೊಂಡ ಮುಖವರ್ಣಿಕೆಯ ಮೇಲರ್ಧ ಕಾಣುವುದೇ ಇಲ್ಲ. ಹಾಗಾಗಿ ಸೆರಗನ್ನು ಕೂದಲಿನ ಗಂಟಿನವರೆಗೆ ಹಿಂದಕ್ಕೆ ಸರಿಸಿ ಪಿನ್ ಹಾಕಿ. ಮೊದಲು ಆ ಪಿನ್, ಆಮೇಲೆ ದೀಪ.

ಧಾರವಾಡದವರ ಲೆಕ್ಕವನ್ನು ಒಪ್ಪುತ್ತೇನೆ, ತೀರ್ಮಾನವನ್ನು ಪೂರ್ತಿ ಒಪ್ಪಲಾರೆ. ಮುಖ ಮೊದಲ ಕ್ಷಣದಿಂದಲೇ ಕಾಣಬೇಕೆಂಬ ನಿಯಮ ಎಲ್ಲಿದೆ? ಕತ್ತಲಿನಲ್ಲಿ ಬೆಳಕಿನ ಒಂದು ಬಾವಿ, ಅದರ ತಳದಲ್ಲಿ ತಲೆ ಬಗ್ಗಿಸಿ ಕುಳಿತ ಒಬ್ಬಳು ಹೆಂಗಸು: ಓದಲು ತೊಡಗುವವರೆಗೆ ಪ್ರೇಕ್ಷಕರಿಗೆ ಅಷ್ಟೇ ಸಾಕು. ಮೇಲಿನ ದೀಪವೊಂದರಲ್ಲೇ ದೃಶ್ಯವನ್ನು ತೆರೆದು, ಪತ್ರದ ಮೊದಲ ಸಾಲಿನಿಂದ ಮುಖದ ದೀಪವನ್ನು ಸುಮಾರು ಒಂದು ನಿಮಿಷದಲ್ಲಿ, ಯಾರಿಗೂ ತಿಳಿಯದ ಹಾಗೆ ಏರಿಸುತ್ತಾ ಬನ್ನಿ. ಆಕೆ ಮುಖವೆತ್ತುವ ಹೊತ್ತಿಗೆ ಕಣ್ಣು ಅಲ್ಲಿರಬೇಕು, ಅದಕ್ಕಿಂತ ಮೊದಲು ಬೇಡ. ನಿಮ್ಮ ನಿರ್ದೇಶಕರ ಬೇಡಿಕೆಯೂ ಇದರಲ್ಲಿ ಉಳಿಯುತ್ತದೆ.

ಕೆಲವರು ಬೆಳಕಿನ ಕಂಬವೇ ಕಾಣಲೆಂದು ಹೊಗೆ ಬಿಡಲು ಹೇಳಿಯಾರು. ಗಾಳಿಯಲ್ಲಿ ಏನಾದರೂ ತೇಲುತ್ತಿದ್ದರೆ ಮಾತ್ರ ಬೆಳಕಿನ ದಾರಿ ಕಾಣುತ್ತದೆ ಎಂಬುದು ನಿಜ. ಚೆಕ್ ವಿನ್ಯಾಸಕ ಜೋಸೆಫ್ ಸ್ವೊಬೊಡ 1967ರಲ್ಲಿ ಜರ್ಮನಿಯ ವೀಸ್‌ಬಾಡೆನ್‌ನಲ್ಲಿ ಒಪೆರಾವೊಂದಕ್ಕೆ ಗಾಳಿಯಲ್ಲಿ ಸೂಕ್ಷ್ಮ ಹನಿಗಳನ್ನು ತೇಲಿಸಿ ಬೆಳಕಿನ ಸ್ತಂಭವನ್ನೇ ನಿಲ್ಲಿಸಿದ್ದರು. ನಮ್ಮ ಸಾಂಬ್ರಾಣಿ ಹೊಗೆಯಲ್ಲಿ ಅದು ಆಗುವುದಿಲ್ಲ. ಫ್ಯಾನಿನ ಗಾಳಿಗೆ ಅದು ಒಂದು ಕಡೆ ಮುದ್ದೆಯಾಗುತ್ತದೆ, ಮುಂದಿನ ಸಾಲಿನವರು ಕೆಮ್ಮುತ್ತಾರೆ, ಪತ್ರದ ಮಾತು ಕೇಳಿಸುವುದಿಲ್ಲ.

ಉತ್ತರ 4: ನ್ಯೂಜೆರ್ಸಿಯ ಕನ್ನಡ ಸಂಘದಲ್ಲಿ ನಾಟಕ ಮಾಡಿಸುವವನು

ನಮ್ಮ ಕಷ್ಟ ಇನ್ನೊಂದು ಬಗೆಯದು. ನಾವು ಬಾಡಿಗೆಗೆ ಹಿಡಿಯುವ ಶಾಲೆಯ ರಂಗಮಂದಿರದಲ್ಲಿ ದೀಪಗಳು ಬೇಕಾದಷ್ಟಿವೆ, ಆದರೆ ಒಂದನ್ನೂ ಮುಟ್ಟುವಂತಿಲ್ಲ. ರಂಗವನ್ನು ಕೆಲವು ಭಾಗಗಳಾಗಿ ಮಾಡಿ, ಪ್ರತಿ ಭಾಗಕ್ಕೂ ಎಡ ಬಲಗಳಿಂದ 45 ಡಿಗ್ರಿಯಲ್ಲಿ ಒಂದು ಬೆಚ್ಚಗಿನ, ಒಂದು ತಣ್ಣಗಿನ ಬಣ್ಣದ ದೀಪ ಕೊಡುವ ಕ್ರಮವೊಂದಿದೆ. ಅಮೆರಿಕದ ಸ್ಟ್ಯಾನ್ಲಿ ಮೆಕ್ಯಾಂಡ್‌ಲೆಸ್ 1932ರಲ್ಲಿ ಬರೆದಿಟ್ಟ ಕ್ರಮ ಅದು. ನಮಗೆ ಸಿಗುವ ರಂಗಮಂದಿರ ಇಂದಿಗೂ ಹೆಚ್ಚುಕಡಿಮೆ ಅದೇ ಹಾದಿಯಲ್ಲಿದೆ. ಮುಖಗಳು ಚೆನ್ನಾಗಿ ಕಾಣುತ್ತವೆ, ಎಲ್ಲ ದೃಶ್ಯಗಳೂ ಒಂದೇ ಥರ ಕಾಣುತ್ತವೆ.

ಅಲ್ಲಿ ನಾವು ಕಲಿತ ಉಪಾಯ ನಿಮಗೂ ಉಪಯೋಗಕ್ಕೆ ಬರಬಹುದು: ದೀಪವನ್ನು ನಟರ ಬಳಿಗೆ ಒಯ್ಯಲಾಗದಿದ್ದರೆ ನಟರನ್ನೇ ದೀಪಕ್ಕೆ ಹೊಂದಿಸುವುದು. ನಿಮ್ಮ ಸ್ಟೂಲನ್ನು ಎರಡನೆಯ ಬಾರಿನ ನೇರ ಕೆಳಗಿನಿಂದ ಒಂದೂವರೆ ಅಡಿ ಹಿಂದಕ್ಕೆ ಸರಿಸಿದರೆ, ಈಗಿರುವ ಮೇಲಿನ ದೀಪವೇ ಹಣೆಯ ಮುಂದಿನಿಂದ ಬೀಳತೊಡಗುತ್ತದೆ. ಪ್ರೇಕ್ಷಕರ ಕಣ್ಣಿಗೆ ಅದು ಆಗಲೂ ನೆತ್ತಿಯ ಬೆಳಕೇ. ಇದೊಂದರಿಂದಲೇ ಕಣ್ಣು ಕಾಣುತ್ತದೆಂದು ಹೇಳುತ್ತಿಲ್ಲ, ಆದರೆ ಮುಖದ ದೀಪದ ಮೇಲಿನ ಭಾರ ಇಳಿಯುತ್ತದೆ. ಬದಲಿಗೆ ಸ್ಟೂಲನ್ನು ಮುಂದಕ್ಕೆ ಸರಿಸಿದಿರೋ, ಅದೇ ದೀಪ ಹಿಂದಲೆಯ ಬೆಳಕಾಗಿ ಕೂದಲಿಗೆ ಅಂಚು ಕಟ್ಟುತ್ತದೆ, ಮುಖ ಪೂರ್ತಿ ಹೋಗುತ್ತದೆ. ಕಳೆದ ಬಾರಿ ನಮ್ಮ ಸನ್ಯಾಸಿ ಪಾತ್ರಧಾರಿ ಒಂದು ಹೆಜ್ಜೆ ಮುಂದೆ ನಿಂತ ಕಾರಣ ಬೋಳುತಲೆ ಮಾತ್ರ ಹುಣ್ಣಿಮೆಯಾಗಿ ಕಂಡು, ವೈರಾಗ್ಯದ ಮಾತಿಗೆ ಸಭೆ ಗೊಳ್ಳೆಂದು ನಕ್ಕಿತು.

ಉತ್ತರ 5: ಬೆಳಕಿನ ಕೆಲಸದವನು, ಧಾರವಾಡ

ಸೆರಗಿನ ವಿಷಯದಲ್ಲಿ ಕುಂದಾಪುರದವರ ಮಾತು ಸರಿ, ನಾನು ಓದಿಯೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಿಧಾನವಾಗಿ ಏರಿಸುವುದನ್ನೂ ಒಪ್ಪುತ್ತೇನೆ, ನಿಮ್ಮ ಡಿಮ್ಮರ್ ಸೊನ್ನೆಯಿಂದ ಮೆಲ್ಲನೆ ಏಳುತ್ತದೆಯೇ ಎಂದು ಮಾತ್ರ ಮೊದಲು ನೋಡಿಕೊಳ್ಳಿ. ಕೆಲವು ಹಳೆಯ ಡಿಮ್ಮರುಗಳು ಆರಂಭದಲ್ಲಿ ಒಮ್ಮೆ ಜಿಗಿದು ಆಮೇಲೆ ಏರುತ್ತವೆ. ಹಾಗಿದ್ದರೆ ದೃಶ್ಯ ಶುರುವಾಗುವ ಮೊದಲೇ ಅದನ್ನು ಜಿಗಿತ ಮುಗಿಯುವ ಮಟ್ಟದಲ್ಲಿ ಇಟ್ಟುಬಿಡಿ.

ನೀವು ಹೊಸಬರಾದ್ದರಿಂದ ಇದನ್ನೂ ಹೇಳಬೇಕು. ತಲೆಯ ಮೇಲೆ ತೂಗುವ ಪ್ರತಿ ದೀಪಕ್ಕೂ ಕೊಕ್ಕೆಯ ಜೊತೆಗೆ ಬೇರೆಯೇ ಒಂದು ಸರಪಳಿ ಅಥವಾ ಉಕ್ಕಿನ ಹಗ್ಗವನ್ನು ಬಾರಿಗೆ ಸುತ್ತಿ ಹಾಕಿ. ಜೆಲ್ಲಿನ ಚೌಕಟ್ಟು ಜಾರದಂತೆ ನೋಡಿಕೊಳ್ಳಿ. ನಿಮ್ಮ ನಟಿ ಆ ದೀಪದ ನೇರ ಕೆಳಗೆ ಕುಳಿತಿರುತ್ತಾರೆ. ಸಾವಿರ ವಾಟಿನ ಒಂದು ದೀಪ 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ, 15 ಆಂಪಿಯರಿನ ಒಂದು ಸಾಕೆಟ್ಟಿಗೆ ಮೂರು ದೀಪಕ್ಕಿಂತ ಹೆಚ್ಚು ಬೇಡ. ಪ್ರೊಫೈಲಿನ ಬಲ್ಬ್ ಬದಲಿಸುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಎಣ್ಣೆ ತಾಗಿದಲ್ಲಿ ಅದು ಬೇಗ ಸುಟ್ಟುಹೋಗುತ್ತದೆ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ನಿನ್ನೆ ಸಂಜೆ ಸಭಾಂಗಣ ನಾಲ್ಕು ಗಂಟೆ ನಮ್ಮ ಕೈಗೆ ಸಿಕ್ಕಿತ್ತು, ನಡೆದದ್ದನ್ನು ಹೇಳುತ್ತೇನೆ.

ಮೊದಲು ಸೆರಗಿಗೆ ಪಿನ್ ಹಾಕಿದೆವು. ದೀಪಗಳನ್ನು ಮುಟ್ಟುವ ಮೊದಲೇ ಮೂಗಿನ ಎರಡೂ ಬದಿ ಸ್ವಲ್ಪ ತೆರೆದುಕೊಂಡಿತು. ಸ್ಟೂಲನ್ನು ಒಂದೂವರೆ ಅಡಿ ಹಿಂದಕ್ಕೆ ಸರಿಸಿ, ಮೊದಲ ಬಾರಿನ ಪ್ರೊಫೈಲನ್ನು ಅದಕ್ಕೆ ಹೊಂದಿಸಿದೆವು. ಹಿಂದಕ್ಕೆ ಸರಿಸಿದ್ದರಿಂದ ಬೆಳಕಿನ ಅಂಚು ಹಿಂಪರದೆಯ ಬುಡಕ್ಕೆ ಬಂತು, ಶಟರ್ ತಳ್ಳಿದ ಮೇಲೆ ಹೋಯಿತು. ನಿರ್ದೇಶಕರನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಏನನ್ನೂ ವಿವರಿಸದೆ ಮುಖದ ದೀಪವನ್ನು ಒಂದು ನಿಮಿಷದಲ್ಲಿ ಏರಿಸಿದೆ. ಮುಗಿದ ಮೇಲೆ ಅವರು, ‘ಎದುರಿನ ದೀಪ ಹಾಕಲೇ ಇಲ್ಲವಲ್ಲ, ಮುಖ ಹೇಗೆ ಬಂತು?’ ಎಂದು ಕೇಳಿದರು.

ಪತ್ರವನ್ನು ಬದಲಾಯಿಸಲು ಮಾತ್ರ ಅವರು ಒಪ್ಪಲಿಲ್ಲ. ಆ ಕಾಲದ ಕಥೆಗೆ ಇನ್‌ಲ್ಯಾಂಡೇ ಬೇಕು, ಆ ನೀಲಿ ಕಂಡ ಕೂಡಲೇ ಸಭೆಯಲ್ಲಿರುವ ಅರ್ಧ ಜನಕ್ಕೆ ತಮ್ಮ ಮನೆಯ ಪತ್ರ ನೆನಪಾಗುತ್ತದೆ ಎಂದರು. ಅದೂ ಸರಿಯೆನ್ನಿಸಿತು. ಕೊನೆಗೆ ನಮ್ಮ ನಟಿಯೇ ದಾರಿ ಹುಡುಕಿದರು: ಇನ್‌ಲ್ಯಾಂಡಿನ ಒಳಮೈಗೆ, ಅಂದರೆ ಓದುವಾಗ ತಮ್ಮ ಕಡೆಗಿರುವ ಬದಿಗೆ, ಬಿಳಿ ಕಾಗದ ಅಂಟಿಸಿಕೊಂಡರು. ಪ್ರೇಕ್ಷಕರಿಗೆ ನೀಲಿ ಬೆನ್ನು ಕಾಣುತ್ತದೆ, ಅವರ ಮುಖಕ್ಕೆ ಬಿಳಿ ಬೆಳಕು ಸಿಗುತ್ತದೆ. ಮೈಸೂರಿನ ಅಮ್ಮನವರಿಗೆ ಅವರು ವಿಶೇಷವಾಗಿ ನಮಸ್ಕಾರ ತಿಳಿಸಲು ಹೇಳಿದ್ದಾರೆ.

ಇನ್ನು ಉಳಿದಿರುವುದು ಆ ಮೂರು ಹೆಜ್ಜೆ. ಪಾರಿನ ಮೊಟ್ಟೆಯನ್ನು ತಿರುಗಿಸಿದ್ದು ಫಲಿಸಿತು, ಆದರೆ ಆಕೆ ಏಳುವ ಹೊತ್ತಿಗೂ ನನ್ನ ಕೈ ಡಿಮ್ಮರಿನ ಮೇಲೆ ಸರಿಯುವ ಹೊತ್ತಿಗೂ ಇನ್ನೂ ಹೊಂದಿಕೆಯಾಗಿಲ್ಲ. ನಾಲ್ಕು ಸಲ ಮಾಡಿದ್ದರಲ್ಲಿ ಮೂರು ಸಲ ನಾನೇ ಮುಂದೆ ಹೋದೆ. ಭಾನುವಾರ ಮತ್ತೆ ತಾಲೀಮಿದೆ. ಪತ್ರ ಮಡಚುವ ಸದ್ದನ್ನೇ ಕ್ಯೂ (ದೀಪ ಬದಲಿಸುವ ಸೂಚನೆ) ಎಂದು ಇಟ್ಟುಕೊಳ್ಳೋಣವೆಂದು ನಟಿ ಹೇಳಿದ್ದಾರೆ, ಒಳಗೆ ಅಂಟಿಸಿದ ಕಾಗದದಿಂದಾಗಿ ಈಗ ಅದು ಚೆನ್ನಾಗಿ ಸದ್ದು ಮಾಡುತ್ತದೆ.